ಸಮ ಎಂದರೆ ಎಷ್ಟು ಇಟ್ಟಿಗೆ

ದೋನ್ಯಾ ಸತುರ್ನಿನಾ ಅವರ ಮಗಳೇ, ನೊಯೆಮಿ— ಅಳಿಯಂದಿರಾದ ರಮೀರೊ— ಮುಂದಿನ ಸಾಲಿನಲ್ಲಿ ಕಂಬಳಿ ಹೊದ್ದು ಕುಳಿತಿರುವ, ಅಕ್ಕನನ್ನು ಕಳೆದುಕೊಂಡಿರುವ ತಾತಾ ಪಾಸ್ಕುವಾಲ್ ಲಿಮಾಚಿಯವರೇ! ಕೆಳಗಿನ ಅಂಗಡಿ ಸಾಲಿನವರೇ, ಮೇಲಿನ ಎರಡು ಮಹಡಿಗಳಿಂದ ಇಳಿದು ಬಂದಿರುವ ಬಾಡಿಗೆದಾರರೇ, ಭೋಗ್ಯದಾರರೇ. ಮನೆ ಮಾಲೀಕರ ಸಂಘದ ನನ್ನ ಮಿತ್ರರೇ. ಸಂತೆಯ ದಿನವೂ ಅಂಗಡಿಗೆ ಬೀಗ ಜಡಿದು ಬಂದಿರುವ ಪಾತ್ರೆ ಮಾರುವ ತಾಯಂದಿರೇ— ನಿಮ್ಮೆಲ್ಲರಿಗೂ ಈ ಬೆನಿಗ್ನೊ ಯೂಹ್ರಾನ ನಮಸ್ಕಾರ.

ಮೈಕು ಬೇಡ ರಮೀರೊ. ತೆಗೆಯಿರಿ. ನನ್ನ ಗಂಟಲಿಗೆ ಮೈಕು ಕೊಟ್ಟರೆ ಆ ಕನ್ನಡಿ ಕಂಬಗಳು ಬಿರಿಯುತ್ತವೆ ಎಂದು ನಿಮ್ಮ ಅತ್ತೆಯೇ ಹೇಳುತ್ತಿದ್ದರು.

ಎಲ್ಲರೂ ಒಮ್ಮೆ ತಲೆ ಎತ್ತಿ ನೋಡಿ. ಹೌದು, ಮೇಲೆ. ಒಂದು, ಎರಡು, ಮೂರು— ಏಳು! ಈ ಸಭಾಂಗಣದ ಏಳೂ ತೂಗುದೀಪಗಳು ಉರಿಯುತ್ತಿವೆ. ಮಧ್ಯಾಹ್ನ ಮೂರು ಗಂಟೆಗೆ! ಈ ಕಟ್ಟಡದ ಒಡತಿ ದೋನ್ಯಾ ಸತುರ್ನಿನಾ, ನಮ್ಮೆಲ್ಲರ ಸಾತು, ಬದುಕಿದ್ದಿದ್ದರೆ ಇದು ನಡೆಯುತ್ತಿತ್ತೇ? ಸ್ವಿಚ್ಚಿನ ಪೆಟ್ಟಿಗೆಯ ಬೀಗದ ಕೈ ಅವರ ಕೊರಳಲ್ಲಿ ಇರುತ್ತಿತ್ತು. ಇಲ್ಲಿ ಎಷ್ಟು ಮದುವೆ ಆಗಿವೆಯೋ ನಿಮಗೇ ಗೊತ್ತು. ಹೆಣ್ಣು ಗಂಡು ಬರುವವರೆಗೆ ಎರಡು ದೀಪ. ಬಂದರೆ ಏಳು. ಊಟಕ್ಕೆ ಕುಳಿತರೋ— ಟಪ್, ಟಪ್, ಟಪ್— ನಾಲ್ಕಕ್ಕೆ ಇಳಿಯಿತು. ಒಮ್ಮೆ ಗಂಡಿನ ಸೋದರಮಾವ ಎದ್ದು ನಿಂತು ಗದರಿಸಿದ: "ಏನ್ರೀ ಇದು, ಊಟ ಮಾಡೋ ಹೊತ್ತಿಗೆ ಕತ್ತಲೆ?" ಇವರು ಅಲ್ಲಿ, ಆ ಬಾಗಿಲ ಹತ್ತಿರ, ಗುಂಡು ಟೋಪಿ ಸರಿಮಾಡಿಕೊಳ್ಳುತ್ತ ಹೇಳಿದರು: "ತಟ್ಟೆ ಕಾಣಿಸ್ತಿದೆಯಲ್ಲಪ್ಪಾ? ಬಾಯಿ ಎಲ್ಲಿದೆ ಅಂತ ಗೊತ್ತಿದೆಯಲ್ಲಾ? ಇನ್ನೇನು ಬೇಕು?"

ನಗಿ, ನಗಿ. ಎಂಟು ದಿನ ಅತ್ತಿದ್ದೇವೆ, ಇವತ್ತು ನಗಬಹುದು.

ಅವರ ಮೇಲೆ ಬರೀ ಹೂ ಸುರಿಯಲು ನಾನು ಇಲ್ಲಿ ನಿಂತಿಲ್ಲ. ನಾಲ್ಕನೇ ಸಾಲಿನಲ್ಲಿ, ಗೋಡೆಯ ಕಡೆಗೆ, ಕಂದು ಬಣ್ಣದ ಕೋಟು ತೊಟ್ಟು ಒಬ್ಬರು ಕುಳಿತಿದ್ದಾರೆ— ಸುಲೆಮಾ ಟಿಕೋನಾ ಮೇಷ್ಟ್ರಮ್ಮ. ನನ್ನ ಮನೆಯ ಎರಡನೇ ಮಹಡಿಯ ಭೋಗ್ಯದಾರರು. ನಾನು ಮಾತಾಡಲು ಎದ್ದಾಗಿನಿಂದ ಅವರು ನೆಲ ನೋಡುತ್ತಿದ್ದಾರೆ. ಏಕೆಂದು ಇಲ್ಲಿರುವ ಅರ್ಧ ಜನಕ್ಕೆ ಗೊತ್ತು. ಉಳಿದವರಿಗೆ ನಾನೇ ಹೇಳುತ್ತೇನೆ. ಅವರು ಆರು ವರ್ಷದ ಹಿಂದೆ ಹದಿನೆಂಟು ಸಾವಿರ ಡಾಲರ್ ನನ್ನ ಕೈಗಿಟ್ಟು ಮನೆ ಸೇರಿದರು. ಬಾಡಿಗೆ ಇಲ್ಲ, ಬಡ್ಡಿ ಇಲ್ಲ. ಐದು ವರ್ಷ ಕಳೆದ ಮೇಲೆ ಮನೆ ನನಗೆ, ಹಣ ಅವರಿಗೆ. ಹೋದ ವರ್ಷದ ಮಾರ್ಚ್‌ನಲ್ಲಿ ಅವಧಿ ಮುಗಿಯಿತು. ಆ ಹಣ ನಂಬಿ ಅವರು ಪಕ್ಕದ ವಿಯಾಚಾ ಊರಿನಲ್ಲಿ ಒಂದು ಜಾಗಕ್ಕೆ ಮುಂಗಡ ಕೊಟ್ಟಿದ್ದರು. ನಾನು ಹಣ ಕೊಡಲಿಲ್ಲ. ಜಾಗವೂ ಹೋಯಿತು, ಮುಂಗಡವೂ ಹೋಯಿತು.

ದೋನ್ಯಾ ಸಾತು ಅವರ ಬಗ್ಗೆ ನಿಜ ಹೇಳಬೇಕಾದರೆ ಇದನ್ನು ಬಿಟ್ಟು ಹೇಳಲಾಗದು. ಅದಕ್ಕೇ ಮೊದಲೇ ಹೇಳಿಬಿಟ್ಟೆ. ಈಗ ಹಿಂದಕ್ಕೆ ಹೋಗೋಣ.

ಇಪ್ಪತ್ತೆಂಟು ವರ್ಷದ ಹಿಂದೆ! ನಾವು ಹನ್ನೆರಡು ಜನ ಸೇರಿ ಪಸನಾಕು ಹಾಕಿದೆವು. ತಿಂಗಳಿಗೊಮ್ಮೆ ಹನ್ನೆರಡು ಜನರ ದುಡ್ಡು ಒಬ್ಬರ ಕೈಗೆ— ಈ ಊರಲ್ಲಿ ಚೀಟಿ ಹಾಕದವರು ಯಾರಿದ್ದಾರೆ! ಮೊದಲ ಸರದಿ ನನ್ನದು. ನಾನೇನು ಮಾಡಿದೆ? ಹಬ್ಬದ ಮೆರವಣಿಗೆಗೆ ವೇಷ ಹೊಲಿಸಿದೆ. ಇಲ್ಲಿಂದ ಇಲ್ಲಿಯವರೆಗೆ ಜರಿ, ಭುಜದ ಮೇಲೆ ಬೆಳ್ಳಿ ಮಿಂಚು, ಮೂವತ್ತು ಕಿಲೋ ತೂಕ! ಎರಡು ದಿನ ಕುಣಿದೆ. ಮೂರನೇ ದಿನ ಏಳಲಾಗದೆ ಮಲಗಿದೆ. ಚೀಟಿ ಹಣ ಮುಗಿಯಿತು.

ಐದನೇ ತಿಂಗಳು ಅವರ ಸರದಿ. ಬೀದಿಗೆ ಲಾರಿ ಬಂತು. ಎಲ್ಲರೂ ಬಾಗಿಲಿಗೆ ಬಂದೆವು, ಏನು ಇಳಿಯುತ್ತದೆ ಎಂದು. ಸೋಫಾವೇ? ಟಿವಿಯೇ? ಇಳಿದದ್ದು ಇಟ್ಟಿಗೆ. ಆರು ತೂತಿನ ಕೆಂಪು ಇಟ್ಟಿಗೆ, ಮೂರು ಸಾವಿರ! ಆಗ ಇವರಿಗಿದ್ದದ್ದು ಒಂದು ಮಣ್ಣುಗೋಡೆಯ ಕೋಣೆ. ಒಳಗೆ ಇವರು, ನಾಲ್ಕು ವರ್ಷದ ನೊಯೆಮಿ, ಮಾರಲಿಕ್ಕಿಟ್ಟ ಅಲ್ಯೂಮಿನಿಯಂ ಪಾತ್ರೆಗಳು. ಹೊರಗೆ ಆ ಕೋಣೆಗಿಂತ ಎತ್ತರದ ಇಟ್ಟಿಗೆ ರಾಶಿ.

"ಏನಮ್ಮಾ ಸಾತು, ಇಷ್ಟೊಂದು ಪಾತ್ರೆ ಇದೆ, ಇಟ್ಟಿಗೆ ಬೇಯಿಸ್ಕೊಂಡು ತಿಂತೀಯೇನು?" ಎಂದು ನಾನು ಚುಡಾಯಿಸಿದೆ.

"ತಿನ್ನಬಹುದು ಕಣಯ್ಯಾ. ನಿನ್ನ ವೇಷಾನ ಬೇಯಿಸೋಕಾಗುತ್ತಾ?"

ಅಂದಿನಿಂದ ಒಂದು ವಾರ ನಾನು ಅವರ ಬಾಗಿಲ ಮುಂದೆ ಹಾದು ಹೋಗಲಿಲ್ಲ.

ಕಟ್ಟಲು ಶುರು ಮಾಡಿದರು. ನಾವೆಲ್ಲ ಮೊದಲು ಏನು ಕಟ್ಟುತ್ತೇವೆ? ಮಲಗುವ ಕೋಣೆ. ಅವರು ಬೀದಿಗೆ ಮುಖ ಮಾಡಿ ಎರಡು ಅಂಗಡಿ ಕಟ್ಟಿದರು, ಷಟರ್ ಹಾಕಿಸಿದರು, ಬ್ರೆಡ್ಡಿನವಳಿಗೊಂದು ಗಾಜಿನವನಿಗೊಂದು ಬಾಡಿಗೆಗೆ ಕೊಟ್ಟರು. ತಾವು ಹಿಂದಿನ ಮಣ್ಣುಕೋಣೆಯಲ್ಲೇ, ಸೋರುವ ಕಡೆಗೆಲ್ಲ ಮಾರಾಟದ ಪಾತ್ರೆ ಇಟ್ಟುಕೊಂಡು! ಮಳೆ ಬಂದಾಗ ಆ ಕೋಣೆ ಬ್ಯಾಂಡ್ ಬಾರಿಸಿದ ಹಾಗೆ ಕೇಳುತ್ತಿತ್ತು. ಅಂಗಡಿಯ ಬಾಡಿಗೆಯಿಂದ ಕಂಬಿ ಬಂತು, ಕಂಬಿಯಿಂದ ಕಂಬ ಎದ್ದಿತು, ಕಂಬದ ಮೇಲೆ ತಾರಸಿ ಬಿತ್ತು. ಹಾಗೆ ಬಿದ್ದ ತಾರಸಿಯ ಮೇಲೆಯೇ ಇವತ್ತು ನಾವೆಲ್ಲ ಕುಳಿತಿರುವುದು.

ಅದರ ಮೇಲೆ ಇನ್ನೂ ಏರಿಸಲು ಅವರಲ್ಲಿ ದುಡ್ಡಿರಲಿಲ್ಲ. ಬ್ಯಾಂಕಿಗೆ ಹೋದರು. ಬ್ಯಾಂಕಿನವರು ಸಂಬಳದ ಚೀಟಿ ಕೇಳಿದರು. ಸಂತೆಯಲ್ಲಿ ಪಾತ್ರೆ ಮಾರುವವಳಿಗೆ ಸಂಬಳದ ಚೀಟಿ ಯಾರು ಕೊಡುತ್ತಾರೆ? ಹಿಂದಕ್ಕೆ ಬಂದರು. ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ "ಆಂತಿಕ್ರೆತಿಕೊ— ಮನೆ ಭೋಗ್ಯಕ್ಕಿದೆ" ಎಂದು ಬರೆಸಿ ಕಂಬಿಗೆ ನೇತುಹಾಕಿದರು. ಯಾವ ಮನೆ? ಮೇಲೆ ಮನೆಯೇ ಇರಲಿಲ್ಲ! ನಾಲ್ಕು ಕಂಬ, ಅದರ ತಲೆಯ ಮೇಲೆ ಕಂಬಿ, ಸುತ್ತ ಗಾಳಿ!

ದೊನ್ ಅಸೆನ್ಸಿಯೊ, ಕೈ ಎತ್ತಿ. ಅಗೋ, ನೆರಿಗೆ ಲಂಗ ಹೊಲಿಯುವ ದರ್ಜಿ ದೊನ್ ಅಸೆನ್ಸಿಯೊ ಚಿಪಾನಾ. ರಟ್ಟು ನೋಡಿ ಹೆಂಡತಿಯನ್ನು ಕರೆದುಕೊಂಡು ಬಂದವರು ಇವರೇ. ದೋನ್ಯಾ ಸಾತು ಏಣಿ ಹತ್ತಿಸಿದರು. ಗಾಳಿಗೆ ಇವರಿಬ್ಬರೂ ಟೋಪಿ ಹಿಡಿದುಕೊಂಡು ನಿಂತಿದ್ದಾರೆ. ಸಾತು ಕೈ ಚಾಚಿ ತೋರಿಸುತ್ತಾರೆ— ಹೀಗೆ— "ಇದು ಅಡುಗೆಮನೆ. ಅದು ಮಲಗೋ ಕೋಣೆ. ಹುಷಾರಮ್ಮ, ನೀನು ಈಗ ಗೋಡೆ ಒಳಗೆ ನಿಂತಿದೀಯ."

"ಕಿಟಕಿ ಎಲ್ಲಮ್ಮ?" ಎಂದರು ಇವರ ಹೆಂಡತಿ.

"ನಿನಗೆ ಎಲ್ಲಿ ಬೇಕು ಹೇಳು. ಇಟ್ಟಿಗೆ ಇಡೋಕೆ ಮುಂಚೆ ಕಿಟಕಿ ಕೇಳಿಸ್ಕೊಳ್ಳೋ ಮಾಲೀಕಳು ನಿನಗೆ ಇನ್ನೊಬ್ಬಳು ಸಿಗಲ್ಲ."

ಅರ್ಧ ಹಣ ಅಂದು, ಉಳಿದರ್ಧ ತಾರಸಿ ಬಿದ್ದ ಮೇಲೆ. ಅವರ ಹಣದಿಂದ ಅವರದೇ ಮನೆ ಎದ್ದಿತು. ಭೋಗ್ಯದ ಹಣ ಹಬ್ಬಕ್ಕೆ ಹೋಗಲಿಲ್ಲ, ಬಟ್ಟೆಗೆ ಹೋಗಲಿಲ್ಲ. ಪ್ರತಿಯೊಂದು ನೋಟೂ ಗೋಡೆಯಾಯಿತು. ಮಗಳ ಮದುವೆಗೆ ದುಡ್ಡು ಸಾಲದೆ ಬಂದಾಗಲೂ ಅದನ್ನು ಮುಟ್ಟಲಿಲ್ಲ. ಅಂಗಡಿಗಳ ಬಾಡಿಗೆ ಬಂದ ದಿನವೇ ಅದರಲ್ಲೊಂದು ಪಾಲು ಬ್ಯಾಂಕಿಗೆ ಹೋಗುತ್ತಿತ್ತು, ಮುಂದೊಂದು ದಿನ ದೊನ್ ಅಸೆನ್ಸಿಯೊಗೆ ಹಿಂತಿರುಗಿಸಲು. ಹಿಂದಿನದನ್ನು ತೀರಿಸುವಷ್ಟು ಕೂಡುವವರೆಗೆ ಮುಂದಿನ ಮಹಡಿಗೆ ರಟ್ಟು ಏರುತ್ತಿರಲಿಲ್ಲ. ನಾವೆಲ್ಲ ಎರಡನೆಯವನ ಹಣದಿಂದ ಮೊದಲನೆಯವನಿಗೆ, ಮೂರನೆಯವನ ಹಣದಿಂದ ಎರಡನೆಯವನಿಗೆ ಕೊಟ್ಟುಕೊಂಡು ಸೈಕಲ್ ತುಳಿಯುವವರು. ನಿಲ್ಲಿಸಿದರೆ ಬೀಳುತ್ತೇವೆ. ಅವರು ಕಾಲ್ನಡಿಗೆಯಲ್ಲಿ ಬಂದರು, ನಮಗಿಂತ ಒಂದು ಮಹಡಿ ಮೇಲೇರಿದರು.

ಅವರೇನು ದೇವತೆಯಾಗಿರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಬ್ರೆಡ್ಡಿನ ಅಂಗಡಿಯ ದೋನ್ಯಾ ಫಿಲೊಮೆನಾ ನಗುತ್ತಿದ್ದಾರೆ ನೋಡಿ! ಭಾನುವಾರ ಅವರ ಮಗುವನ್ನು ಎತ್ತಿಕೊಂಡು ಜ್ಞಾನಸ್ನಾನಕ್ಕೆ ಧರ್ಮತಾಯಿಯಾಗಿ ನಿಂತರು. ಸೋಮವಾರ ಬೆಳಿಗ್ಗೆ ಅಂಗಡಿ ಬಾಡಿಗೆ ಏರಿಸಿದರು! ಇವರು ಕೂಗಾಡಿದರಂತೆ: "ನಿನ್ನೆ ತಾನೇ ಸಂಬಂಧಿಕರಾದ್ವಲ್ರೀ!" ಅದಕ್ಕೆ ಅವರೆಂದರಂತೆ: "ಅದಕ್ಕೇ ಶನಿವಾರ ಏರಿಸ್ಲಿಲ್ಲ."

ಬಾಡಿಗೆದಾರರನ್ನು ಆರಿಸುವ ಅವರ ರೀತಿಯೇ ಬೇರೆ. ನಾವು ಗುರುತಿನ ಚೀಟಿ ಕೇಳುತ್ತೇವೆ, ಯಾರಾದರೂ ಜಾಮೀನು ನಿಲ್ಲುತ್ತಾರೆಯೇ ಎಂದು ಕೇಳುತ್ತೇವೆ. ಅವರು ಆರು ಮರ್ರಾಕೆತಾ ಬ್ರೆಡ್ಡು ಗಂಟು ಕಟ್ಟಿಕೊಂಡು, ಹೇಳದೆ ಕೇಳದೆ, ಆ ಜನ ಈಗಿರುವ ಮನೆಗೇ ಹೋಗಿಬಿಡುತ್ತಿದ್ದರು. "ಈ ಕಡೆ ಬಂದಿದ್ದೆ, ಒಂದು ಲೋಟ ಅಪಿ ಕೊಡ್ತೀರಾ?" ಕುಳಿತು ಕುಡಿಯುತ್ತ ಒಲೆ ನೋಡುವುದು, ನಲ್ಲಿ ನೋಡುವುದು, ಗೋಡೆ ನೋಡುವುದು. ಒಂದು ಸಲ ನಾನೂ ಜೊತೆಗಿದ್ದೆ. ಆ ಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು. ಮನೆಯವನು ಅದಕ್ಕೊಂದು ಬಟ್ಟೆ ಬಿಗಿದು ಕಟ್ಟಿದ್ದ. ಹೊರಗೆ ಬಂದ ಮೇಲೆ ನಾನೆಂದೆ, "ಬೇಡಮ್ಮ, ನಲ್ಲಿ ಹಾಳು ಮಾಡೋ ಜನ." ಅವರು ನಡುಬೀದಿಯಲ್ಲಿ ನಿಂತರು. "ಅವನ ಮನೆಯಲ್ಲ, ಅವನ ನಲ್ಲಿಯಲ್ಲ. ಆದ್ರೂ ಬಟ್ಟೆ ಕಟ್ಟಿದಾನೆ. ಇವನೇ ಬೇಕು ನನಗೆ." ಹನ್ನೊಂದು ವರ್ಷವಾಯಿತು, ಆತ ಈಗಲೂ ಮೇಲಿನ ಮಹಡಿಯಲ್ಲೇ ಇದ್ದಾನೆ. ಈ ಕಟ್ಟಡದ ನಲ್ಲಿಗಳನ್ನೆಲ್ಲ ನೋಡಿಕೊಳ್ಳುವವನೇ ಅವನು.

ಇನ್ನು ನೋಂದಣಿ! ಭೋಗ್ಯದ ಪತ್ರವನ್ನು ನೋಟರಿಯ ಮುಂದೆ ಬರೆಸಿ, ಅದನ್ನು ನೋಂದಣಿ ಕಚೇರಿಗೆ ಒಯ್ದು, ಇಡೀ ದಿನ ಸಾಲಿನಲ್ಲಿ ನಿಂತು, ಪುಸ್ತಕಕ್ಕೆ ಏರಿಸಿಕೊಂಡೇ ಬರುವರು. ಯಾವ ಮಾಲೀಕ ಮಾಡುತ್ತಾನೆ? ನೋಂದಾಯಿಸಿದರೆ ಮನೆಯನ್ನು ಸುಮ್ಮನೆ ಮಾರಲಾಗದು, ಅಡ ಇಡಲಾಗದು. ಭೋಗ್ಯದಾರನ ಹಿಡಿತ ಮನೆಯ ಮೇಲೆ ಕೂತುಬಿಡುತ್ತದೆ. ನಾನು ಕೇಳಿದೆ: "ನಿನ್ನ ಕೊರಳಿಗೆ ನೀನೇ ಯಾಕೆ ಹಗ್ಗ ಹಾಕ್ಕೋತೀಯಾ?"

"ಹೆದರಿಕೊಂಡಿರೋರು ಮನೇಲಿ ಏನು ಕೆಟ್ರೂ ಹೇಳಲ್ಲ ದೊನ್ ಬೆನಿಗ್ನೊ. ಎಲ್ಲಿ ಓಡಿಸ್ತಾರೋ ಅಂತ ಸುಮ್ನಿರ್ತಾರೆ. ಪೈಪು ಒಡೆದು ಗೋಡೆಯೆಲ್ಲ ಹಸಿಯಾದ ಮೇಲೆ ಗೊತ್ತಾಗುತ್ತೆ. ಕಾಗದ ಗಟ್ಟಿ ಇದ್ರೆ ಬಂದು ಬಾಗಿಲು ಬಡಿದು ಜಗಳ ಆಡ್ತಾರೆ. ನನಗೆ ಆ ಜಗಳ ಬೇಕು."

ಆ ಸಾಲಿನಲ್ಲಿ ಆರು ವರ್ಷದ ಹಿಂದೆ ಒಂದು ದಿನ ನಾನೂ ನಿಂತಿದ್ದೆ, ಅವರ ಹಿಂದೆ. ನನ್ನ ಕೈಯಲ್ಲಿ ಎರಡು ಕಾಗದ. ಕಿಟಕಿಯ ಹತ್ತಿರ ಬಂದಾಗ ಒಂದನ್ನು ಕೊಟ್ಟೆ, ಇನ್ನೊಂದನ್ನು ಮಡಚಿ ಜೇಬಿಗೆ ಹಾಕಿಕೊಂಡೆ. ಅವರು ತಿರುಗಿ ನೋಡಿದರು.

"ಎರಡಿತ್ತಲ್ಲ?"

"ಇನ್ನೊಂದಕ್ಕೆ ಅವಸರ ಇಲ್ಲ."

ಅವರು ಮತ್ತೇನೂ ಕೇಳಲಿಲ್ಲ. ಕೇಳದೆ ಬಿಟ್ಟಿದ್ದನ್ನು ಮರೆಯುವವರೂ ಆಗಿರಲಿಲ್ಲ.

ಆಮೇಲೆ ಡಾಲರು ಮಾಯವಾಯಿತು.

ಎಂಥ ದಿನಗಳವು! ಬ್ಯಾಂಕಿನ ಹಲಗೆಯ ಮೇಲೆ ಡಾಲರಿಗೆ ಏಳು ಬೊಲಿವಿಯಾನೊ. ಒಳಗೆ ಹೋಗಿ ಕೇಳಿದರೆ ಡಾಲರೇ ಇಲ್ಲ. ಬೀದಿಯಲ್ಲಿ ಕೇಳಿದರೆ ಇದೆ, ಹದಿನಾಲ್ಕು ಬೊಲಿವಿಯಾನೊಗೆ! ನಮ್ಮ ಭೋಗ್ಯದ ಪತ್ರಗಳಲ್ಲಿ ಏನು ಬರೆದಿದೆ? ಎಲ್ಲರ ಪತ್ರದಲ್ಲೂ ಒಂದೇ ಸಾಲು: ಇಷ್ಟು ಡಾಲರ್, "ಅಥವಾ ಅದಕ್ಕೆ ಸಮನಾದ ಬೊಲಿವಿಯಾನೊ." ಸಮನಾದ! ಆ ಒಂದು ಪದವನ್ನು ಇಷ್ಟು ವರ್ಷ ಯಾರೂ ಓದಿರಲೇ ಇಲ್ಲ. ಹೋದ ವರ್ಷದ ಏಪ್ರಿಲ್‌ನಲ್ಲಿ, ಇದೇ ಸಭಾಂಗಣದಲ್ಲಿ, ಮನೆ ಮಾಲೀಕರ ಸಂಘ ಸೇರಿತು. ಭಾಷಣ ಯಾರದು? ನನ್ನದು! ಇಲ್ಲೇ ನಿಂತಿದ್ದೆ. ಹೀಗೇ ಕೈ ಎತ್ತಿದ್ದೆ. "ಮಿತ್ರರೇ! ಕಾನೂನು ನಮ್ಮ ಕಡೆ ಇದೆ! ಬ್ಯಾಂಕಿನ ಹಲಗೆ ಏಳು ಎಂದರೆ ಏಳು! ಏಳರಂತೆ ಲೆಕ್ಕ ಹಾಕಿ ಬೊಲಿವಿಯಾನೊ ಎಣಿಸಿ ಕೊಡೋಣ, ಕೈ ತೊಳೆದುಕೊಳ್ಳೋಣ!" ಚಪ್ಪಾಳೆ! ಆ ಚಪ್ಪಾಳೆಗೆ ಈ ತೂಗುದೀಪದ ಗಾಜು ಗಿಲಿಗಿಲಿ ಎಂದಿತು. ಜೀವನದಲ್ಲಿ ಅಷ್ಟು ಚಪ್ಪಾಳೆ ನನಗೆ ಬಿದ್ದಿರಲಿಲ್ಲ.

ಚಪ್ಪಾಳೆ ಅಡಗಿದ ಮೇಲೆ ಹಿಂದಿನಿಂದ ಒಂದು ದನಿ.

"ದೊನ್ ಬೆನಿಗ್ನೊ, ಸಮ ಅಂದ್ರೆ ಎಷ್ಟು ಇಟ್ಟಿಗೆ?"

ಎಲ್ಲರೂ ತಿರುಗಿದರು. ಬಾಗಿಲ ಹತ್ತಿರ ಅವರು, ಕೊರಳಲ್ಲಿ ಬೀಗದ ಕೈ.

"ಇಟ್ಟಿಗೆ ಮಾತು ಯಾಕಮ್ಮಾ ಬಂತು ಇಲ್ಲಿ?" ಎಂದೆ.

"ಮೇಷ್ಟ್ರಮ್ಮ ನಿಮಗೆ ದುಡ್ಡು ಕೊಟ್ಟಾಗ ಇಟ್ಟಿಗೆ ಎಷ್ಟಿತ್ತು?"

"ಒಂದಕ್ಕೊಂದು ಬೊಲಿವಿಯಾನೊ."

"ಈಗ?"

"ಎರಡಾಗಿದೆ."

"ಹಾಗಾದ್ರೆ ಅವರು ಕೊಟ್ಟ ದುಡ್ಡಲ್ಲಿ ನೀವು ಪೂರಾ ಮಹಡಿ ಕಟ್ಟಿದ್ರಿ. ನೀವು ಕೊಡೋ ದುಡ್ಡಲ್ಲಿ ಅವರು ಅರ್ಧ ಮಹಡಿ ಕಟ್ಟಬಹುದು. ಇನ್ನರ್ಧ ಮಹಡಿ ಎಲ್ಲಿ ಹೋಯ್ತು?"

ನಾನು ಜೋರಾಗಿ ನಕ್ಕೆ— ಉತ್ತರ ಇಲ್ಲದವನು ಜೋರಾಗಿಯೇ ನಗಬೇಕಲ್ಲ. "ಇಟ್ಟಿಗೆ ಲೆಕ್ಕ ಸಂತೆಗೆ, ಕಾನೂನಿನ ಲೆಕ್ಕ ಇಲ್ಲಿಗೆ!" ಎಂದುಬಿಟ್ಟೆ. ಜನ ನಕ್ಕರು. ನಿರ್ಣಯ ಪಾಸಾಯಿತು. ಅವರು ಹೋಗಿ, ಟಪ್ ಟಪ್ ಟಪ್, ಐದು ದೀಪ ಆರಿಸಿದರು.

ಅದೇ ತಿಂಗಳು ದೊನ್ ಅಸೆನ್ಸಿಯೊ ಅವರ ಅವಧಿಯೂ ಮುಗಿಯಿತು. ಐದೈದು ವರ್ಷಕ್ಕೊಮ್ಮೆ ಪತ್ರ ಹೊಸದು ಮಾಡಿಕೊಂಡು ಬಂದಿದ್ದರು. ಈಗ ಮಗನ ಜೊತೆ ಅಂಗಡಿ ತೆರೆಯಲು, ತಾವು ಕೊಟ್ಟಿದ್ದ ಇಪ್ಪತ್ತು ಸಾವಿರ ಡಾಲರೂ ಬೇಕಾಗಿತ್ತು. ದೋನ್ಯಾ ಸಾತು ವರ್ಷಗಟ್ಟಲೆ ಬ್ಯಾಂಕಿನಲ್ಲಿ ಕೂಡಿಟ್ಟದ್ದೆಲ್ಲ ಬೊಲಿವಿಯಾನೊ. ಅದು ನಿಂತಲ್ಲೇ ಅರ್ಧವಾಗಿಹೋಗಿತ್ತು. ಬಹಳ ಜಾಣರಾದರೂ ಈ ಒಂದು ತಪ್ಪು ಅವರೂ ಮಾಡಿದ್ದರು. ಡಾಲರು ಏಳರಲ್ಲೇ ನಿಂತಿರುತ್ತದೆ ಎಂದು ಈ ಊರೇ ನಂಬಿತ್ತಲ್ಲ!

ಅವರ ಹತ್ತಿರ ಡಾಲರ್ ಎಲ್ಲಾದರೂ ಇತ್ತೇ? ಇತ್ತು. ಒಂದು ದೊಡ್ಡ ಕುಕ್ಕರಿನಲ್ಲಿ. ಎಲ್ಲದಕ್ಕಿಂತ ಮೇಲೆ, ತಾರಸಿಯ ಮೇಲೆ, ತಮ್ಮದೇ ಸ್ವಂತ ಮನೆ ಕಟ್ಟಲು ಇಪ್ಪತ್ತೆರಡು ವರ್ಷ ಕೂಡಿಟ್ಟ ಹಣ. ಇಳಿಜಾರು ಮಾಡು, ಹಸಿರು ಗಾಜು, ಬೆಟ್ಟದ ಕಡೆಗೊಂದು ಕಿಟಕಿ. ನಮಗೆಲ್ಲ ನಕ್ಷೆ ತೋರಿಸಿದ್ದರು. ಈ ಊರಲ್ಲಿ ಕೆಳಗೆ ಅಂಗಡಿ, ನಡುವೆ ಸಭಾಂಗಣ, ಮೇಲೆ ಬಾಡಿಗೆ ಮನೆ ಎಂದು ನಾವು ಕಟ್ಟುವುದೆಲ್ಲ ಯಾತಕ್ಕೆ? ಕೊನೆಗೆ ತುತ್ತತುದಿಯಲ್ಲಿ ನಮ್ಮದೊಂದು ಮನೆ ಕಿರೀಟದ ಹಾಗೆ ನಿಲ್ಲಲಿ ಎಂದು!

ಕುಕ್ಕರಿನ ಮುಚ್ಚಳ ತೆಗೆದರು. ಬ್ಯಾಂಕಿನಲ್ಲಿದ್ದದ್ದನ್ನು ಬೀದಿಯ ದರಕ್ಕೇ ಡಾಲರ್ ಮಾಡಿಸಿದರು, ಕಡಿಮೆ ಬಿದ್ದದ್ದನ್ನು ಕುಕ್ಕರಿನಿಂದ ತುಂಬಿದರು. ಇಪ್ಪತ್ತು ಸಾವಿರ! ದೊನ್ ಅಸೆನ್ಸಿಯೊ, ಹೇಳಿ, ಆ ನೋಟಿನಿಂದ ಏನು ವಾಸನೆ ಬರುತ್ತಿತ್ತು?— ಕೇಳಿಸಿತೇ? "ಹೊಸ ಕುಕ್ಕರಿನ ರಬ್ಬರ್ ವಾಸನೆ" ಅಂತೆ. ತೆಗೆದುಕೊಳ್ಳಲು ಇವರು ಹಿಂದೆಮುಂದೆ ನೋಡಿದರಂತೆ. ಅವರು ಬೈದರಂತೆ: "ಬೇಗ ತಗೊಳ್ರೀ, ಮನಸ್ಸು ಬದಲಾದ್ರೆ ಕಷ್ಟ!"

ಮೇಲಿನ ಮನೆ ಕಟ್ಟಲಿಲ್ಲ. ಸಭೆ ಮುಗಿದ ಮೇಲೆ ಮೆಟ್ಟಿಲು ಹತ್ತಿ ನೋಡಿ: ಕಂಬಗಳ ತಲೆಯ ಮೇಲೆ ಕಂಬಿಗಳು ಹಾಗೇ ನಿಂತಿವೆ, ತುಕ್ಕು ಹಿಡಿಯಬಾರದೆಂದು ಅವರು ಕೈಯಾರೆ ಸುತ್ತಿದ ಪ್ಲಾಸ್ಟಿಕ್ ಗಾಳಿಗೆ ಪಟಪಟ ಎನ್ನುತ್ತಿದೆ. ನಾಲ್ಕು ಅಂತಸ್ತಿನ ಒಡತಿ ಪ್ರಾಣ ಬಿಟ್ಟದ್ದು ಕೆಳಗಿನ ಅಂಗಡಿಗಳ ಹಿಂದಿನ ಪಾತ್ರೆ ಕೋಣೆಯಲ್ಲಿ.

ಇದನ್ನು ನೋಡಿಯೂ ನಾನು ಬದಲಾದೆನೇ? ಇಲ್ಲ! ಸಂಘದಲ್ಲಿ ಆರೇಳು ಜನ ನಾಚಿಕೊಂಡು ಪೂರ್ತಿ ಹಿಂತಿರುಗಿಸಿದರು. ನಾನು ನಿರ್ಣಯದ ಕಾಗದ ಹಿಡಿದುಕೊಂಡೇ ಕುಳಿತೆ. ತಿಂಗಳಿಗೊಮ್ಮೆ ಮೇಷ್ಟ್ರಮ್ಮ ಬಾಗಿಲಿಗೆ ಬರುವರು. "ದೊನ್ ಬೆನಿಗ್ನೊ, ಇದ್ದೀರಾ?" ನಾನು ಒಳಗಿನಿಂದಲೇ "ಏಳರಂತೆ ಬೇಕಾದರೆ ಇವತ್ತೇ ತಗೊಳ್ಳಿ!" ಎನ್ನುವೆ. ಅವರು ಮತ್ತೆ ಮೆಟ್ಟಿಲು ಹತ್ತಿ ಹೋಗುವರು. ಮೇಲಿನ ಮನೆಯವರ ಹೆಜ್ಜೆ ಕೆಳಗಿನವನಿಗೆ ಕೇಳುತ್ತದೆ. ನನಗೆ ಕೇಳುತ್ತಿತ್ತು.

ಈ ಜನವರಿ ಬಂತು. ಇಪ್ಪತ್ತನಾಲ್ಕನೇ ತಾರೀಖು, ಅಲಸೀತಾಸ್ ಹಬ್ಬ! ಏನೇನು ಬೇಕೋ ಅದನ್ನೆಲ್ಲ ಬೆರಳುದ್ದದ ಗೊಂಬೆಯಾಗಿ ಕೊಂಡು, ಸರಿಯಾಗಿ ಹನ್ನೆರಡು ಗಂಟೆಗೆ ಧೂಪ ಹಾಕಿಸಿದರೆ ವರ್ಷದೊಳಗೆ ನಿಜವಾಗುತ್ತದೆ. ನಾನು ಮೂರು ಮಹಡಿಯ ಪುಟ್ಟ ಮನೆ ಹಿಡಿದು ನೂಕುನುಗ್ಗಲಿನಲ್ಲಿ ನಿಂತಿದ್ದೆ. ದೋನ್ಯಾ ಸಾತು ಹತ್ತಿರ ಬಂದರು. ಆಗಲೇ ಮೈ ಇಳಿದುಹೋಗಿತ್ತು, ಉಸಿರು ಗೊರಗೊರ. ನನ್ನ ಕೈಗೆ ಒಂದು ಕಟ್ಟು ಕೊಟ್ಟರು. ಇಷ್ಟು— ಬೆಂಕಿಪೊಟ್ಟಣದಷ್ಟು— ಪುಟಾಣಿ ಡಾಲರ್ ನೋಟುಗಳು, ಧೂಪ ಹಾಕಿಸಿದ್ದು! ಬೇರೆಯವರು ಕೊಟ್ಟರೆ ಇನ್ನೂ ಬೇಗ ಫಲಿಸುತ್ತದೆ ಎಂಬುದು ಯಾರಿಗೆ ಗೊತ್ತಿಲ್ಲ? ನಾನು ಕರಗಿಹೋದೆ. "ಅಯ್ಯೋ ತಾಯಿ, ನನಗಾ?"

"ನಿಮಗಲ್ಲ ಕಣ್ರೀ. ಮೊದಲು ಇದನ್ನ ಮೇಷ್ಟ್ರಮ್ಮನಿಗೆ ಕೊಟ್ಟು ನೋಡಿ. ಕೊಡೋ ಕೈಗೂ ಒಂದಿಷ್ಟು ಅಭ್ಯಾಸ ಬೇಕಲ್ಲ?"

ಸುತ್ತಲಿದ್ದವರೆಲ್ಲ ಗೊಳ್ಳೆಂದರು. ನನಗೆ ಸಿಟ್ಟು ನೆತ್ತಿಗೇರಿತು. ಕಟ್ಟನ್ನು ಜೇಬಿಗೆ ತುರುಕಿಕೊಂಡು ಹೊರಟುಬಂದೆ. ನಾಲ್ಕು ತಿಂಗಳು ಅವರ ಜೊತೆ ಮಾತಾಡಲಿಲ್ಲ.

ಹೋದ ತಿಂಗಳು ನೊಯೆಮಿ ಬಂದು ಕರೆದಳು: "ಅಮ್ಮ ನಿಮ್ಮನ್ನ ನೋಡಬೇಕಂತೆ." ಬೆಳಗಿನ ಹತ್ತು ಗಂಟೆ. ಹಿಂದಿನ ಕೋಣೆ. ಸುತ್ತ ಪಾತ್ರೆ, ನಡುವೆ ಅವರು. ಮೂರು ಕಂಬಳಿಯ ಕೆಳಗೆ ಇಷ್ಟೇ ಇಷ್ಟು ಕಾಣುತ್ತಿದ್ದರು. ಮಾಡಿದ ಜಗಳವನ್ನೆಲ್ಲ ಈಗ ಹೇಳುತ್ತಾರೆ ಎಂದು ನಾನು ಗಟ್ಟಿಯಾಗಿ ಕುಳಿತೆ. ಅವರು ಮೆಲ್ಲಗೆ ಕೇಳಿದರು:

"ಮೇಷ್ಟ್ರಮ್ಮನ ಜಾಗ ಹೇಗಿದೆ?"

"ಯಾವ ಜಾಗಮ್ಮ? ಅವರಿಗೆಲ್ಲಿದೆ ಜಾಗ? ಮುಂಗಡ ಹೋಯ್ತಲ್ಲ."

"ಅದಲ್ಲ. ವಿಯಾಚಾದ್ದು. ನೀವು ಅವತ್ತು ಸಾಲಲ್ಲಿ ನಿಂತು ನೋಂದಾಯಿಸಿದ್ರಲ್ಲ, ಅದು."

ಇಲ್ಲೇ, ಎದೆಗೆ, ಒಂದು ಇಟ್ಟಿಗೆ ಬಂದು ಬಡಿದ ಹಾಗಾಯಿತು.

ಮಿತ್ರರೇ, ಇದು ಇಲ್ಲಿ ಯಾರಿಗೂ ಗೊತ್ತಿಲ್ಲ. ನನ್ನ ಹೆಂಡತಿಗೂ ಗೊತ್ತಿಲ್ಲ— ಈಗ ಗೊತ್ತಾಯಿತು. ಮೇಷ್ಟ್ರಮ್ಮ ಕೊಟ್ಟ ಹದಿನೆಂಟು ಸಾವಿರದಲ್ಲಿ ಹನ್ನೆರಡು ಸಾವಿರ ತಾರಸಿಗೆ ಹಾಕಿದೆ. ಉಳಿದ ಆರು ಸಾವಿರಕ್ಕೆ, ವಿಯಾಚಾ ಅಗ್ಗವಾಗಿದ್ದ ಆ ದಿನಗಳಲ್ಲಿ, ಒಂದು ಜಾಗ ಕೊಂಡೆ. ಅವತ್ತು ನನ್ನ ಕೈಯಲ್ಲಿದ್ದ ಎರಡು ಕಾಗದ ಅವೇ. ಒಂದು ನನ್ನ ಜಾಗದ್ದು, ಅದನ್ನು ದೋನ್ಯಾ ಸಾತು ಕಣ್ಣೆದುರೇ ನೋಂದಾಯಿಸಿದೆ. ಇನ್ನೊಂದು ಮೇಷ್ಟ್ರಮ್ಮನ ಭೋಗ್ಯದ ಪತ್ರ. ಅದನ್ನು ಮಡಚಿ ಜೇಬಿಗೆ ಹಾಕಿದೆ. ಅವರ ದುಡ್ಡಲ್ಲಿ ನಾನು ಜಾಗ ಮಾಡಿಕೊಂಡೆ. ಅದೇ ಊರಲ್ಲಿ ಒಂದು ತುಂಡು ಜಾಗಕ್ಕಾಗಿ ಅವರು ಒಂದು ವರ್ಷ ನನ್ನ ಬಾಗಿಲು ತಟ್ಟಿದರು.

ಅಂದು ಆ ಕೋಣೆಯಲ್ಲಿ ನಾನು ಅವರ ಕಂಬಳಿ ಸರಿಮಾಡುತ್ತ ಕುಳಿತೆ. ಅವರು ಕೈ ಹೊರಗೆ ತೆಗೆದು, ನನ್ನ ಮೊಣಕಾಲು ತಟ್ಟಿ, "ಹೋಗಿ ಬನ್ನಿ" ಎಂದರು. ಅಷ್ಟೇ. ಹದಿಮೂರು ದಿನದ ಮೇಲೆ ಹೋಗಿಬಿಟ್ಟರು.

ಮೇಷ್ಟ್ರಮ್ಮ— ಸುಲೆಮಾ ಅವರೇ— ದಯವಿಟ್ಟು ಈ ಕಡೆ ನೋಡಿ.

ಈ ಲಕೋಟೆಯಲ್ಲಿ ಏಳರಂತೆ ಲೆಕ್ಕ ಹಾಕಿದ ಪೂರ್ತಿ ಹಣಕ್ಕೆ ಬ್ಯಾಂಕಿನ ಚೆಕ್ಕಿದೆ. ಇದು ಅರ್ಧ. ಇನ್ನರ್ಧ ಈ ಕಾಗದ: ವಿಯಾಚಾದ ಜಾಗ. ಮೊನ್ನೆ ಇಬ್ಬರಿಂದ ಬೆಲೆ ಕಟ್ಟಿಸಿದೆ. ಎರಡೂ ಸೇರಿದರೆ ಇವತ್ತಿನ ಬೀದಿಯ ದರಕ್ಕೆ ನಿಮ್ಮ ಹದಿನೆಂಟು ಸಾವಿರ ಸಮ. ನನ್ನ ಮಾತು ನಂಬಬೇಡಿ, ನೀವೇ ಬೆಲೆ ಕಟ್ಟಿಸಿ. ಕಡಿಮೆ ಬಿದ್ದರೆ ತುಂಬಿಕೊಡುತ್ತೇನೆ. ಜಾಗ ಬೇಡವೆಂದರೆ ಮಾರಿ ಹಣವನ್ನೇ ಕೊಡುತ್ತೇನೆ. ಆಯ್ಕೆ ನಿಮ್ಮದು. ನೀವು ಕಳೆದುಕೊಂಡ ಮುಂಗಡವೂ ನನ್ನ ಲೆಕ್ಕಕ್ಕೆ. ಬೇಕೆಂದರೆ ನಾಳೆ ಬೆಳಿಗ್ಗೆ ಎಂಟಕ್ಕೆ ನೋಂದಣಿ ಕಚೇರಿಯ ಸಾಲಿನಲ್ಲಿ ನಾನಿರುತ್ತೇನೆ. ಈ ಸಲ ಎಲ್ಲ ಕಾಗದಗಳನ್ನೂ ಕಿಟಕಿಯೊಳಗೆ ಕೊಡುತ್ತೇನೆ.

ಮತ್ತೆ ಇದು. ಜನವರಿಯಿಂದ ಇದೇ ಕೋಟಿನ ಜೇಬಿನಲ್ಲಿತ್ತು. ಅಂಚು ಸವೆದಿದೆ, ಧೂಪದ ವಾಸನೆ ಇನ್ನೂ ಇದೆ. ಈ ಪುಟಾಣಿ ಡಾಲರುಗಳನ್ನೂ ತೆಗೆದುಕೊಳ್ಳಿ ಮೇಷ್ಟ್ರಮ್ಮ. ಇದನ್ನೇ ಮೊದಲು ತೆಗೆದುಕೊಳ್ಳಿ. ಅವರು ಹೇಳಿದ ಕ್ರಮ ಅದು.

ಬೇಡ, ಬೇಡ, ಚಪ್ಪಾಳೆ ಬೇಡ! ನಿಲ್ಲಿಸಿ! ಈ ಸಭಾಂಗಣದಲ್ಲಿ ನನಗೆ ಬಿದ್ದ ಹಿಂದಿನ ಚಪ್ಪಾಳೆಯೇ ನನಗೆ ಇನ್ನೂ ಅರಗಿಲ್ಲ.

ಸಂಘದವರಿಗೆ ಒಂದು ಮಾತು. ಏಪ್ರಿಲ್ ನಿರ್ಣಯದ ಮೇಲೆ ಮೊದಲ ಸಹಿ ನನ್ನದು. ಇವತ್ತು ಅದನ್ನು ಹಿಂತೆಗೆದುಕೊಂಡೆ. ಕೆಳಗಿನ ಸಹಿಗಳು ನಿಮ್ಮವು, ನೀವು ನೋಡಿಕೊಳ್ಳಿ. ನೊಯೆಮಿ, ನಿನಗೂ ಒಂದು ಮಾತು ತಾಯಿ. ಮೇಲಿನ ಕಂಬಿಗಳನ್ನು ಕತ್ತರಿಸಿಬಿಡೋಣ ಎಂದು ಯಾರೋ ಹೇಳಿದರಂತೆ. ಕತ್ತರಿಸಬೇಡ. ಪ್ಲಾಸ್ಟಿಕ್ ಬದಲಾಯಿಸು, ಸಾಕು. ಹಸಿರು ಗಾಜಿನ ನಕ್ಷೆ ಎಲ್ಲಿದೆ ಎಂದು ನನಗೆ ಗೊತ್ತು.

ಇನ್ನು ಎಲ್ಲರೂ ಏಳಿ. ತಾತಾ ಪಾಸ್ಕುವಾಲ್, ನೀವು ಕುಳಿತೇ ಇರಿ, ನಿಮ್ಮ ಪರವಾಗಿ ನಾವು ನಿಲ್ಲುತ್ತೇವೆ. ಟೋಪಿ ತೆಗೆಯಿರಿ. ನೀವು ನಿಂತಿರುವ ಈ ನೆಲ ಒಬ್ಬ ಹೆಂಗಸು ಒಂದೊಂದೇ ಇಟ್ಟಿಗೆಯಾಗಿ ಎತ್ತಿ ಹಿಡಿದದ್ದು. ಅದನ್ನು ಕಾಲಡಿಯಲ್ಲಿ ನೆನೆದುಕೊಂಡು ಒಂದು ನಿಮಿಷ ಸುಮ್ಮನೆ ನಿಲ್ಲೋಣ. ಈ ಗಂಟಲೂ ಒಂದು ನಿಮಿಷ ಸುಮ್ಮನಿರುತ್ತದೆ.

ನೊಯೆಮಿ— ಬೀಗದ ಕೈ ಈಗ ನಿನ್ನ ಕೊರಳಲ್ಲಿದೆಯಲ್ಲವೇ? ಹೋಗು ತಾಯಿ. ಮೌನಕ್ಕೆ ಎರಡು ದೀಪ ಸಾಕು.